ಕಂಕುಳ ತಿರುವಿನಲ್ಲಿ ಉಸಿರು

"ಎಡಗೈ ತಾನೇ? ಸದ್ಯ, ಬಚಾವಾದ್ರಿ ಬಿಡಿ" ಎಂದು ಆ ದಿನದ ಮೊದಲ ಗಿರಾಕಿಯೂ ಅಂದ. ಅಳತೆ ಕೊಡಲು ಗಲ್ಲ ಎತ್ತಿ ನಿಂತಿದ್ದ ಅವನ ಕುತ್ತಿಗೆಗೆ ಟೇಪು ಸುತ್ತಿದ್ದ ಮಾಸ್ಟರಮ್ಮನಿಗೆ ಅದನ್ನು ಹಾಗೆಯೇ ಇನ್ನೊಂದು ಸುತ್ತು ಬಿಗಿಯಬೇಕೆನಿಸಿತು. ಬಿಗಿಯಲಿಲ್ಲ. ನಕ್ಕು, ಅಳತೆ ಕೂಗಿ ಹೇಳಿ, ಟೇಪನ್ನು ಎಳೆದುಕೊಂಡಳು. ಈ ಮಾತು ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ನೆಂಟರು, ನೆರೆಯವರು, ಆಸ್ಪತ್ರೆಯ ಲಿಫ್ಟಿನವನು, ಎಲ್ಲರದೂ ಒಂದೇ ಸಮಾಧಾನ: ಎಡಗೈ ತಾನೇ. ಕತ್ತರಿ ಹಿಡಿಯುವ ಕೈ ಗಟ್ಟಿಮುಟ್ಟಾಗಿದೆಯಲ್ಲ, ಇನ್ನೇನು ಬೇಕು ಎಂಬಂತೆ. ಸುಲಭದ ಕೆಲಸಕ್ಕೆ 'ಎಡಗೈಯಲ್ಲಿ ಮಾಡಿ ಬಿಸಾಕ್ತೀನಿ' ಅನ್ನುತ್ತಾರಲ್ಲ, ಆ ಮಾತು ಹುಟ್ಟಿಸಿದವನು ಜನ್ಮದಲ್ಲಿ ಒಂದು ಗಜ ಬಟ್ಟೆ ಕತ್ತರಿಸಿದವನಲ್ಲ. ಬಲಗೈಗೆ ಗೊತ್ತಿರುವುದು ಕತ್ತರಿ ತೆರೆಯುವುದು, ಮುಚ್ಚುವುದು, ಅಷ್ಟೇ. ಬಟ್ಟೆಯ ನೂಲು ಯಾವ ಕಡೆಗೆ ಓಡುತ್ತಿದೆ ಎಂದು ಬೆರಳ ತುದಿಯಲ್ಲಿ ಕೇಳಿಕೊಳ್ಳುವುದು, ಕತ್ತರಿ ಬರುವ ಮುಂಚೆ ಕೂದಲೆಳೆಯಷ್ಟು ಒತ್ತುವುದು, ಬಂದ ಮೇಲೆ ಅಷ್ಟೇ ಸಡಿಲಿಸುವುದು, ತಿರುವಿನಲ್ಲಿ ಬಟ್ಟೆಯನ್ನು ಮೆಲ್ಲಗೆ ತಿರುಗಿಸಿ ಕೊಡುವುದು, ಇದೆಲ್ಲ ಎಡಗೈ ಕೆಲಸ. ಯಾರ ಕಣ್ಣಿಗೂ ಬೀಳುವುದಿಲ್ಲ. ಅದಿಲ್ಲದೆ ಹೋದ ಮೇಲೆ ಮಾಸ್ಟರಮ್ಮ ಒಂದೇ ಒಂದು ಸಲ ಹಟಕ್ಕೆ ಬಿದ್ದು ಕೋಟಿನ ಒಳಮೈಗೆ ಹಾಕುವ ಅಸ್ತರಿನ ಹಳೆಯ ತುಂಡೊಂದನ್ನು ಕತ್ತರಿಸಿ ನೋಡಿದ್ದಳು. ಇಲಿ ಕಡಿದ ಹಾಗೆ ಬಂದಿತ್ತು.

ಗಿರಾಕಿ ಹೋದ. ನಾದಿನಿ ಆಗಲೇ ಮೇಜಿನ ಹಿಂದೆ ನಿಂತು ಚಾಕ್ ಕೆರೆದು ಚೂಪು ಮಾಡುತ್ತಿದ್ದಳು. ಅಗಲವಾದ, ಹಳೆಯ, ಅಂಚುಗಳೆಲ್ಲ ಸವೆದು ನುಣುಪಾದ ಮೇಜು. ಅದರ ಹಿಂಬದಿಯ ಅಂಚಿನಲ್ಲಿ, ಮಾಸ್ಟರಮ್ಮನ ಸೊಂಟ ತಾಗಿ ತಾಗಿ, ಬಣ್ಣ ಹೋದ ಒಂದು ಜಾಗವಿತ್ತು. ಅಲ್ಲೀಗ ಗಂಡನ ತಂಗಿ ನಿಲ್ಲುತ್ತಾಳೆ. ಅವಳು ಎತ್ತರ. ಬಣ್ಣ ಹೋದ ಜಾಗ ಅವಳ ತೊಡೆಗೆ ಬರುತ್ತದೆ. ಮೂರ್ಖತನ, ಆದರೂ ಅದೊಂದು ವಿಷಯ ಮಾಸ್ಟರಮ್ಮನಿಗೆ ದಿನಾ ಖುಷಿ ಕೊಡುತ್ತಿತ್ತು.

ಮಾಸ್ಟರಮ್ಮನಿಗೆ ಆಗಿದ್ದೇನೆಂದರೆ, ಸ್ಕೂಟರು ಮರಳಿನ ಮೇಲೆ ಜಾರಿತ್ತು. ಅಷ್ಟೇ. ಭುಜ ಒಂದು ಕಡೆ, ತಲೆ ಒಂದು ಕಡೆ ಎಳೆದುಕೊಂಡು ಬಿದ್ದಾಗ ಕುತ್ತಿಗೆಯ ಬುಡದಲ್ಲಿ ಕೈಗೆ ಹೋಗುವ ನರಗಳು ಬೇರುಸಮೇತ ಕಿತ್ತುಬಂದಿದ್ದವು. ಮೂಳೆ ಮುರಿಯಲಿಲ್ಲ, ಚರ್ಮ ತರಚಿತು, ಕೈ ಮಾತ್ರ ಹೆಗಲಿಗೆ ಜೋತುಬಿದ್ದ ಚೀಲವಾಯಿತು. ಕಿತ್ತ ನರವನ್ನು ಮತ್ತೆ ನೆಡಲಾಗುವುದಿಲ್ಲ ಎಂದ ಸರ್ಜನ್ನು, ತೊಡೆಯಿಂದ ಒಂದು ಸ್ನಾಯು ತೆಗೆದು ತೋಳಿಗೆ ಹಾಕಿ, ಅದರ ತುದಿಯನ್ನು ಬೆರಳು ಮಡಚುವ ಸ್ನಾಯುರಜ್ಜುಗಳಿಗೆ ಕಟ್ಟಿ, ಅದಕ್ಕೆ ಅಪ್ಪಣೆ ಕೊಡಲು ಪಕ್ಕೆಲುಬುಗಳ ನಡುವಿನಿಂದ ಎರಡು ನರ ತಂದು ಜೋಡಿಸುತ್ತೇನೆ, ಭುಜ ಮೊಣಕೈ ಒಂದಿಷ್ಟು ಅಲುಗಲು ಕುತ್ತಿಗೆಯಿಂದ ಬೇರೆ ನರ ತರುತ್ತೇನೆ ಅಂದ. ಪಕ್ಕೆಯ ಆ ನರಗಳ ಕಸುಬು ಉಸಿರಾಟ. ಎದೆ ಹಿಗ್ಗಿಸುವುದು ಬಿಟ್ಟು ಬೇರೇನೂ ಅರಿಯದ ನರಗಳು. "ಉಸಿರಾಡೋಕೆ?" ಎಂದು ಗಂಡ ಗಾಬರಿಯಾಗಿ ಕೇಳಿದ್ದ. "ಉಳಿದವು ಸಾಕು" ಎಂದಿದ್ದ ಸರ್ಜನ್ನು. ಅದನ್ನು ಕೇಳುತ್ತ ಮಾಸ್ಟರಮ್ಮನಿಗೆ ಅನಿಸಿದ್ದು, ಇವನೂ ನಮ್ಮವನೇ, ಹಳೆಯ ಪ್ಯಾಂಟಿನ ಜೇಬಿನ ಬಟ್ಟೆ ಬಿಚ್ಚಿ ಅಂಗಿಯ ಕಾಲರಿಗೆ ಹಾಕುವವನು.

ಜೋಡಿಸಿದ ನರ ಬೆಳೆದು ಸ್ನಾಯು ಮುಟ್ಟುವವರೆಗೆ ಕೈ ಹೆಣದ ಹಾಗೆ ಬಿದ್ದಿತ್ತು. ಆಮೇಲೆ ಒಂದು ದಿನ ಮನೆಯಲ್ಲಿ ಆಕಳಿಸಿದಾಗ ಬೆರಳು ಮಡಚಿದವು. ಆಕಳಿಕೆಗೆ! ಅವಳು ಕಿರುಚಿದಳು, ಕಿರುಚಲು ಉಸಿರೆಳೆದಾಗ ಮತ್ತೆ ಮಡಚಿದವು. ಗಂಡ ಓಡಿಬಂದು ಕೈ ನೋಡಿ, ಅವಳ ಬಾಯಿ ನೋಡಿ, "ಇನ್ನೊಂದು ಸಲ ಆಕಳಿಸೇ" ಎಂದು ಬೇಡಿಕೊಂಡ. ಇಬ್ಬರೂ ಅಡುಗೆಮನೆಯಲ್ಲಿ ನಿಂತು ಆಕಳಿಸಿ ಆಕಳಿಸಿ ಕಣ್ಣಲ್ಲಿ ನೀರು ಬರಿಸಿಕೊಂಡರು. ಮಾರನೆಯ ದಿನ ಕೈ ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಹುಡುಗಿ ಅದನ್ನು ಕೇಳಿ ಏನೂ ಆಶ್ಚರ್ಯಪಡದೆ, ನಿಮ್ಮ ಮಿದುಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಎಂದಳು. "ಮನೆ ಬದಲಾಯಿಸಿದ್ರೂ ಹಾಲಿನವನು ಹಳೇ ಮನೆ ಬಾಗಿಲಿಗೇ ಹಾಲು ಇಟ್ಟು ಹೋಗ್ತಾನಲ್ಲ, ಹಾಗೆ. ಉಸಿರು ಎಳಿ ಅಂತ ಮಿದುಳು ಹೇಳುತ್ತೆ, ಅದು ಕೈಗೆ ಬಂದು ಬೀಳುತ್ತೆ. ಈಗ ನೀವು ಅದನ್ನೇ ಬಳಸಿಕೊಳ್ಳಿ. ಉಸಿರು ಎಳೆದು ಕೈ ಮುಚ್ಚಿ. ಆಮೇಲೆ ಎಳೆದೆ ಅಂತ ಅಂದುಕೊಂಡು ಮುಚ್ಚಿ. ಆಮೇಲೆ ಅಂದುಕೊಳ್ಳೋದನ್ನೂ ಬಿಡಿ."

"ಬಿಡೋದು ಹೇಗೆ?"

"ಅದು ನನಗೂ ಗೊತ್ತಿಲ್ಲ. ಮಿದುಳಿಗೇ ಗೊತ್ತಾಗುತ್ತೆ. ಕೈ ನೋಡಿಕೊಳ್ಳೋ ಭಾಗ ಬೇರೆ ಇದೆ ಅಲ್ಲಿ, ಖಾಲಿ ಕೂತಿದೆ ಪಾಪ. ದಿನಾ ಕರೀತಾ ಇರಿ, ಒಂದಿನ ಬಂದು ಕೆಲಸ ವಹಿಸಿಕೊಳ್ಳುತ್ತೆ."

ದಿನಾ ಕರೆದಳು. ಆ ಭಾಗ ಬರುವವರೆಗೆ ಉಸಿರಿನ ಚಾಕರಿ ಮಾಡಿಕೊಂಡೇ ಕೈ ಬದುಕಬೇಕಿತ್ತು, ಅದರ ಜೊತೆ ಅವಳೂ. ಸೀನಿದರೆ ಮುಷ್ಟಿ. ಕೆಮ್ಮಿದರೆ ಮುಷ್ಟಿ. ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಬೆರಳುಗಳು ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚಿ ತೆರೆದು ಮುಚ್ಚಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತೂಕಡಿಸುತ್ತ ಒಂದು ದೊಡ್ಡ ಆಕಳಿಕೆ ತೆಗೆದಾಗ, ಪಕ್ಕದ ಹೆಂಗಸಿನ ಚೀಲದ ಪಟ್ಟಿ ಅವಳ ಬೆರಳ ಮೇಲೆ ಬಿದ್ದಿತ್ತೆಂದು ಕಾಣುತ್ತದೆ, ಕೈ ಅದನ್ನು ಗಬಕ್ಕನೆ ಹಿಡಿದುಬಿಟ್ಟಿತು. ಅದರಲ್ಲಿ ಸ್ಪರ್ಶ ಅರೆಬರೆ, ಹಿಡಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಹೆಂಗಸು ಇಳಿಯಲು ಎದ್ದಳು, ಚೀಲ ಏಳಲಿಲ್ಲ. "ಬಿಡ್ರೀ! ಏನ್ರೀ ಇದು, ಹಾಡುಹಗಲೇ!" ಎಂದು ಕೂಗಿದಳು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಗಾಬರಿಗೆ ಮಾಸ್ಟರಮ್ಮನ ಉಸಿರು ಒಳಗೇ ನಿಂತಿತು, ಉಸಿರು ಒಳಗಿದ್ದಷ್ಟು ಹೊತ್ತೂ ಮುಷ್ಟಿ ಬಿಗಿಯುತ್ತಲೇ ಹೋಯಿತು. ಕೊನೆಗೆ ತನ್ನ ಬಲಗೈಯಿಂದಲೇ ತನ್ನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆಪರೇಷನ್ ಆಗಿದೆ ಕಣಮ್ಮ, ನರ ಉಸಿರಿನದು ಎಂದು ವಿವರಿಸಲು ಹೋದಳು. ಆ ಹೆಂಗಸಿನ ಮುಖದಲ್ಲಿ, ಕಳ್ಳಿಗೆ ಕಥೆ ಬೇರೆ ಕೇಡು ಎಂಬ ಭಾವ. ಮಾಸ್ಟರಮ್ಮ ಮುಂದಿನ ಸ್ಟಾಪಿನಲ್ಲಿ ಇಳಿದು, ಉಳಿದ ದಾರಿಯನ್ನು ನಡೆದೇ ಹೋಗಿದ್ದಳು. ಇವತ್ತಿಗೂ ನೆನಪಾದರೆ ಮೈಯೆಲ್ಲ ಬಿಸಿಯಾಗುತ್ತದೆ.

ಅದಾದರೂ ಹೊರಗಿನವರ ಮುಂದೆ. ಅಂಗಡಿಯಲ್ಲಿ ಆದದ್ದು ಅದಕ್ಕಿಂತ ಕೇಡಿನದು. ನಾದಿನಿ ಗುಂಡಿ ಹಾಕುವ ಕಾಜ ಹೊಲಿಯುತ್ತಿದ್ದವಳು, ಅತ್ತಿಗೆಯ ಕೈ ಹೋದ ಮೇಲೆ ಅಂಗಡಿಯ ಯಜಮಾನರು ಬೇರೆ ದಾರಿ ಕಾಣದೆ ಅವಳ ಕೈಗೆ ಕತ್ತರಿ ಕೊಟ್ಟರು. ಕಲಿಸಿದವಳು ಮಾಸ್ಟರಮ್ಮನೇ, ಸ್ಟೂಲಿನ ಮೇಲೆ ಕೂತು, ಬಾಯಿಮಾತಿನಲ್ಲಿ. ಚುರುಕಿನ ಹುಡುಗಿ. ಸುಳ್ಳೇಕೆ, ಬೇಗ ಕಲಿತಳು. ಅದೇ ಮಾಸ್ಟರಮ್ಮನಿಗೆ ಉಗುಳಲೂ ಆಗದ, ನುಂಗಲೂ ಆಗದ ತುತ್ತಾಗಿತ್ತು. ಒಂದು ಮಧ್ಯಾಹ್ನ ನಾದಿನಿ ಕೋಟಿನ ಎರಡು ತೋಳು ಕತ್ತರಿಸಿ ಹೆಮ್ಮೆಯಿಂದ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಳು. ಎರಡೂ ಎಡಗಡೆಯ ತೋಳುಗಳು. ಬಟ್ಟೆಯ ಹೊರಮೈಯನ್ನು ಎದುರುಬದುರು ಇಡುವುದು ಬಿಟ್ಟು ಒಂದೇ ಮುಖವಾಗಿಟ್ಟು ಕತ್ತರಿಸಿದ್ದಳು. ಈ ಕಸುಬಿಗೆ ಬಂದವರೆಲ್ಲ ಒಂದಲ್ಲ ಒಂದು ದಿನ ಮಾಡಲೇಬೇಕಾದ ತಪ್ಪು. ಮಾಸ್ಟರಮ್ಮನ ಮುಖ ಒಂಚೂರೂ ಅಲುಗಲಿಲ್ಲ. ಅಯ್ಯೋ ಪಾಪ ಎಂಬಂಥ ಮುಖವನ್ನೇ ಹೊತ್ತು ನಿಂತಿದ್ದಳು. ಆದರೆ ಒಳಗೆ ಎದ್ದ ನಗುವಿಗೆ ಪಕ್ಕೆ ಎಲ್ಲೋ ಒಂದಿಷ್ಟು ಗಾಳಿ ಎಳೆದುಕೊಂಡಿತ್ತು. ಮೇಜಿನ ಅಂಚಿನಲ್ಲಿಟ್ಟಿದ್ದ ಎಡಗೈ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ನಾದಿನಿ ತೋಳುಗಳನ್ನು ಬಿಟ್ಟು ಕೈಯನ್ನೇ ನೋಡಿದಳು. "ಅತ್ತಿಗೆ," ಎಂದಳು ಮೆಲ್ಲಗೆ, "ನಿಮ್ಮ ಕೈ ನಗ್ತಾ ಇದೆ."

ಅವತ್ತಿನಿಂದ ನಾದಿನಿ ಅತ್ತಿಗೆಯ ಮುಖ ನೋಡುವುದನ್ನೇ ಬಿಟ್ಟಳು. ಗೆರೆ ಎಳೆದು, ಕತ್ತರಿ ಎತ್ತುವ ಮುಂಚೆ, ಓರೆಗಣ್ಣಲ್ಲಿ ಒಂದು ಸಲ ಆ ಕೈ ಕಡೆ ನೋಡುತ್ತಾಳೆ. ಬೆರಳು ಮಡಚಿದರೆ ಗೆರೆ ಒರೆಸಿ ಮತ್ತೆ ಎಳೆಯುತ್ತಾಳೆ. ಬಿಚ್ಚಿಕೊಂಡಿದ್ದರೆ ಕತ್ತರಿ ಹಾಕುತ್ತಾಳೆ. ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಕೇಳುವುದೇಕೆ, ಬಾಯಿ ಏನಾದರೂ ಅನ್ನಬಹುದು, ಕೈಗೆ ಸುಳ್ಳು ಬರುವುದಿಲ್ಲವಲ್ಲ. ಮನೆಯಲ್ಲಿ ಗಂಡನಿಗೂ ಇದು ಗೊತ್ತಾಗಿ, ನಿನ್ನ ಸಾರು ಚೆನ್ನಾಗಿದೆ ಅಂದಾಗ ನಿಜವಾಗಿ ಖುಷಿಯಾಯಿತೋ ಇಲ್ಲವೋ ಎಂದು ಅವಳ ಕೈ ನೋಡುವ ಅಭ್ಯಾಸ ಮಾಡಿಕೊಂಡ. ನಾಲ್ಕು ಜನರ ನಡುವೆ ಬಟ್ಟೆಯಿಲ್ಲದೆ ಓಡಾಡಿದ ಹಾಗಿತ್ತು. ಮನುಷ್ಯರಾದ ಮೇಲೆ ಮನಸ್ಸಿಗೆ ಒಂದು ಅಸ್ತರು ಬೇಡವೇ? ಹೊಟ್ಟೆಕಿಚ್ಚು ಯಾರಿಗಿಲ್ಲ? ಒಳಗಿರುತ್ತದೆ, ಇದ್ದುಕೊಂಡು ಹೋಗುತ್ತದೆ. ಅವಳದ್ದು ಮಾತ್ರ ಮೇಜಿನ ಮೇಲೆ ಕುಣಿಯುತ್ತಿತ್ತು.

ಇತ್ತೀಚೆಗೆ ಕೈ ಮಾತು ಕಡಿಮೆ ಮಾಡಿತ್ತು. ತನ್ನ ಗೆರೆಗಳು ಸರಿಯಾಗುತ್ತ ಬಂದಿರುವುದೇ ಅದಕ್ಕೆ ಕಾರಣವೆಂದು ನಾದಿನಿ ತಿಳಿದಿದ್ದಳು. ಮಾಸ್ಟರಮ್ಮನೂ ಹಾಗೆಯೇ ತಿಳಿದಿದ್ದಳು, ಅದಕ್ಕೇ ಒಳಗೊಳಗೆ ಕುಸಿಯುತ್ತಿದ್ದಳು.

ಊಟದ ಹೊತ್ತಿಗೆ ಯಜಮಾನರು ಬಂದರು. ಒಳ್ಳೆಯ ಮನುಷ್ಯ. ಒಳ್ಳೆಯವರು ಕೊಡುವ ಏಟಿಗೆ ಸದ್ದಿರುವುದಿಲ್ಲ. ಪಿಟೀಲಿನವರು ಬಟ್ಟೆ ತಂದುಕೊಟ್ಟು ಹೋಗಿದ್ದಾರೆ ಎಂದು ಕಂದು ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು. ಕಪ್ಪು ಉಣ್ಣೆ, ಮುಟ್ಟಿದರೆ ಬೆರಳು ಅಲ್ಲೇ ಕೂರಬೇಕೆನ್ನುವಂಥದು. ಆ ಗಿರಣಿ ಮುಚ್ಚಿಹೋಗಿದೆಯಂತೆ, ಇನ್ನೊಂದು ಗೇಣು ಬೇಕೆಂದರೂ ಸಿಗುವುದಿಲ್ಲವಂತೆ. ಪಿಟೀಲಿನವರು ದೊಡ್ಡ ವಾದ್ಯಮೇಳದಲ್ಲಿ ನುಡಿಸುವವರು. ಅವರ ಹಿಂದಿನ ಕೋಟು ಕತ್ತರಿಸಿದವಳು ಮಾಸ್ಟರಮ್ಮ. "ಇದನ್ನ ಹುಡುಗೀನೇ ಕತ್ತರಿಸಲಿ" ಎಂದರು ಯಜಮಾನರು, ಅವಳನ್ನು ಬಾಗಿಲ ಹತ್ತಿರ ಕರೆದು. "ಒಂದು ಅಂಗಡೀಲಿ ಎಷ್ಟು ದಿನ ಅಂತ ಹೀಗೆ ಅತ್ತಲೂ ಅಲ್ಲ ಇತ್ತಲೂ ಅಲ್ಲ ಇರೋದು, ನೀನೇ ಹೇಳಮ್ಮ. ಇದು ಚೆನ್ನಾಗಿ ಬಂದ್ರೆ ಮೇಜು ಅವಳದ್ದು ಅಂತ ಮಾಡಿಬಿಡೋಣ. ನೀನು ಅಳತೆ ನೋಡ್ಕೊ, ಗಿರಾಕಿಗಳನ್ನ ನೋಡ್ಕೊ. ಸಂಬಳ ಹಾಗೇ ಇರುತ್ತೆ."

"ಕೆಟ್ರೆ?"

"ಕೆಟ್ರೆ ಅವಳು ಮತ್ತೆ ಕಾಜಕ್ಕೆ. ನಿನ್ನ ಕೈ ಬರೋವರೆಗೆ ಕೋಟಿನ ಕೆಲಸ ಹೊರಗೆ ಕೊಡೋಣ." ಅವರು ಅವಳ ಕೈ ಕಡೆ ನೋಡಿ, ಥಟ್ಟನೆ ಬೇರೆ ಕಡೆ ತಿರುಗಿದರು. "ಬಂದೇ ಬರುತ್ತೆ ಅಂತಿಟ್ಕೋ."

ಅಂತಿಟ್ಕೋ. ಅವಳು ಡಬ್ಬಿ ಬಿಚ್ಚಿ ಊಟಕ್ಕೆ ಕೂತಳು. ಹಸಿವಿರಲಿಲ್ಲ, ಆದರೂ ತಿಂದಳು, ಸಿಟ್ಟು ಬಂದಾಗ ಅವಳು ಎರಡು ತುತ್ತು ಹೆಚ್ಚೇ ತಿನ್ನುವವಳು. ಮೇಜು ಹೋದರೆ ತಾನು ಏನು? ಟೇಪು ಹಿಡಿದು, ಬನ್ನಿ ಸಾರ್, ಕೂತ್ಕೊಳ್ಳಿ ಸಾರ್ ಅನ್ನುವವಳು. ಕಟಿಂಗ್ ಮಾಸ್ಟರ್ ಎಂದರೆ ಗಂಡಸೇ ಎಂದಿದ್ದ ಕಾಲದಲ್ಲಿ ಈ ಮೇಜಿನ ಹಿಂದೆ ನಿಂತವಳು. ಬಂದವರು 'ಮಾಸ್ಟರು ಎಲ್ಲಿ' ಎಂದು ಅವಳ ಮುಖಕ್ಕೇ ಕೇಳುತ್ತಿದ್ದರು. ಮಾಸ್ಟರಮ್ಮ ಎಂಬ ಹೆಸರು ತಮಾಷೆಗೆ ಶುರುವಾಗಿ, ಮೊದಲ ಕೋಟು ಟ್ರಯಲ್ಲಿಗೆ ಬಂದ ದಿನ ನಿಜವಾಗಿತ್ತು. ಹೋದ ವಾರ ಇದೇ ಹೊಟ್ಟೆಯುರಿಯಲ್ಲಿ ಮನೆಗೆ ಹೋಗಿ ಗಂಡನ ಮೇಲೆ ಎರಗಿದ್ದಳು. ನಿನ್ನ ತಂಗಿ ಹೀಗೆ, ನಿನ್ನ ತಂಗಿ ಹಾಗೆ, ಅನ್ನ ಹಾಕಿದವರ ತಟ್ಟೆಗೇ ಕೈ ಹಾಕ್ತಾಳೆ, ನೀನಾದರೂ ಒಂದು ಮಾತು ಹೇಳಬಾರದಾ, ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ ಎಂದು ಒಂದೇ ಉಸಿರಿನಲ್ಲಿ ಜಾಡಿಸುತ್ತ ಅಡುಗೆಮನೆಯ ತುಂಬ ಓಡಾಡಿದ್ದಳು. ಬಸ್ ಡಿಪೋದಲ್ಲಿ ಇಂಜಿನ್ನುಗಳ ಸದ್ದು ಕೇಳಿ ಕೇಳಿ ಯಾವ ಸದ್ದಿಗೂ ಬೆದರದ ಆ ಮನುಷ್ಯ ಇದ್ದಕ್ಕಿದ್ದಂತೆ ಎದ್ದು ನಿಂತು, "ಲೇ, ಕೈ ನೋಡೇ" ಎಂದ. ಎಡಗೈಯಲ್ಲಿ ನೀರಿನ ಚೊಂಬಿತ್ತು. ಯಾವಾಗ ಎತ್ತಿಕೊಂಡಳೋ. ಬೈಯುವಾಗ ಉಸಿರು ಹೊರಗೆ ಹೋಗುತ್ತದೆ, ಒಳಗಲ್ಲ. ಆದರೂ ಕೈ ಹಿಡಿದೇ ಇತ್ತು. ಅವಳು ನೋಡಿದಳು. ನೋಡಿದ್ದೇ ತಡ, ಚೊಂಬು ಠಣ್ಣೆಂದು ಬಿತ್ತು. ಥೆರಪಿಸ್ಟ್ ಹುಡುಗಿ ಅದನ್ನು ಕೇಳಿ ಕುಣಿದಾಡಿದಳು. "ನೀವು ನೋಡದೇ ಇದ್ದಾಗ ಮಾಡ್ತಾ ಇದೆ! ಇನ್ನೂ ಬೈರಿ ಅವರಿಗೆ, ನನ್ನ ಲೆಕ್ಕದಲ್ಲಿ ಬೈರಿ." ಆಮೇಲೆ ಬೇಕೆಂದೇ ಬೈದು ನೋಡಿದಳು, ಕೈ ಬಗ್ಗಲಿಲ್ಲ. ಗಂಡ ಮಾತ್ರ ಸುಮ್ಮನೆ ಬೈಸಿಕೊಂಡ. ಕೇಳಿದಾಗ ಕೈ ಬಗ್ಗದ ಕಾರಣ ಅವಳು ಇನ್ನೂ ಟೇಪಿನ ತುದಿ ಹಿಡಿಯಲಿಕ್ಕೂ ಉಸಿರು ಎಳೆಯುತ್ತಾಳೆ. ಬೇಕೋ ಬೇಡವೋ, ಎಳೆದೇ ಎಳೆಯುತ್ತಾಳೆ.

ನಾದಿನಿ ಬಟ್ಟೆ ಮಡಚಿ ಹಾಸಿದಳು. ಮೈ ಎದುರುಬದುರು ಇದೆಯೇ ಎಂದು ಎರಡು ಸಲ ಮೂಲೆ ಎತ್ತಿ ನೋಡಿದಳು, ಆ ಪಾಠವನ್ನು ಅವಳು ಸಾಯುವವರೆಗೆ ಮರೆಯುವುದಿಲ್ಲ. ಮಾಸ್ಟರಮ್ಮ ಮೇಜಿನ ಎದುರು ಬದಿಗೆ ಸ್ಟೂಲು ಎಳೆದುಕೊಂಡು ಕೂತಳು, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಮೇಜಿನ ಅಂಚಿಗೆ ಇಟ್ಟಳು. "ಪಿಟೀಲಿನವರು ಏನಂದ್ರಂತೆ ಗೊತ್ತಾ ಅತ್ತಿಗೆ? ತೋಳು ಸರಾಗವಾಗಿ ಏಳಬೇಕು, ಬೇರೆ ಏನೂ ಬೇಡ ಅಂದ್ರಂತೆ" ಎಂದಳು ನಾದಿನಿ. "ಹೂಂ" ಎಂದಳು ಮಾಸ್ಟರಮ್ಮ. ಚಾಕ್ ಕೆಳಗಿನ ಅಂಚಿನಿಂದ ಹೊರಟಿತು. ಪಕ್ಕದ ಗೆರೆ ಕೆಳಗಿನಿಂದ ಮೇಲಕ್ಕೆ, ಸೊಂಟದಲ್ಲಿ ಒಂಚೂರು ಒಳಗೆ ಬಂದು ಮತ್ತೆ ಹೊರಗೆ ಹೋಗಿ, ಚೆನ್ನಾಗಿಯೇ ಏರಿತು. ತನ್ನದೇ ಗೆರೆ ನೋಡಿದ ಹಾಗಾಯಿತು ಮಾಸ್ಟರಮ್ಮನಿಗೆ. ಮಾದರಿಯ ಅಚ್ಚುಕಾಗದ ಇಟ್ಟುಕೊಳ್ಳುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ, ಎಲ್ಲ ತಲೆಯಲ್ಲೇ. ಹಾಗಾಗಿ ನಾದಿನಿಗೆ ನೋಡಿ ಎಳೆಯಲು ಏನೂ ಇರಲಿಲ್ಲ. ಆಮೇಲೆ ಚಾಕ್ ತೋಳು ಕೂಡುವ ಕಂಕುಳ ತಿರುವಿಗೆ ಬಂತು. ಬರಬೇಕಾದಲ್ಲಿಗೆ ಬರುವ ಎರಡು ಬೆರಳು ಮುಂಚೆಯೇ ಒಳಗೆ ತಿರುಗಿತು.

ತೋಳು ಏಳಬೇಕು ಎಂದರೆ ಕಂಕುಳಲ್ಲಿ ಜಾಗ ಬಿಡಬೇಕು ಎಂದು ಯಾರಿಗಾದರೂ ಅನಿಸುತ್ತದೆ. ನಿಜ ಇರುವುದು ಉಲ್ಟಾ. ಕಂಕುಳ ತಿರುವು ಕೆಳಗಿಳಿದಷ್ಟೂ ತೋಳು ಎತ್ತಿದಾಗ ಅದರ ಜೊತೆ ಇಡೀ ಕೋಟೇ ಎದ್ದು ಕಿವಿಗೆ ಬರುತ್ತದೆ. ಮೇಲೆ, ಮೈಗೆ ಹತ್ತಿಕೊಂಡಿದ್ದರೆ ತೋಳೊಂದೇ ಏಳುತ್ತದೆ, ಕೋಟು ತನ್ನ ಪಾಡಿಗೆ ಕೂತಿರುತ್ತದೆ. ಮೇಳದ ನಡುವೆ, ಸಾವಿರ ಜನರ ಮುಂದೆ ಪಿಟೀಲು ಎತ್ತಿ ಹಿಡಿದ ಮನುಷ್ಯನ ಕೋಟು ಗೋಣಿಚೀಲದ ಹಾಗೆ ಮೇಲೇಳುವುದನ್ನು ಮಾಸ್ಟರಮ್ಮ ಕಣ್ಣಾರೆ ಕಂಡಳು. ಅಯ್ಯೋ, ಕೆಡಿಸಿದಳು! ಎಂದು ಒಳಗೆ ಏನೋ ಕೂಗಿತು. ಎದೆ ತುಂಬ ಗಾಳಿ ಎಳೆದುಕೊಂಡಿತು.

ನಾದಿನಿ ಓರೆಗಣ್ಣಲ್ಲಿ ಕೈ ನೋಡಿದಳು. ಸಣ್ಣಗೆ ನಕ್ಕಳು. ಕತ್ತರಿ ಎತ್ತಿಕೊಂಡಳು.

ಕೈ ಬಿಚ್ಚಿಕೊಂಡಿತ್ತು. ಉಸಿರು ಇನ್ನೂ ಒಳಗೇ ಇತ್ತು, ಪಕ್ಕೆ ಬಿರಿಯುವಷ್ಟು, ಆದರೆ ಬೆರಳುಗಳು ಮೇಜಿನ ಮೇಲೆ ಹಾಯಾಗಿ ಮಲಗಿದ್ದವು. ಕಚಕ್ ಎಂದು ಮೊದಲ ಕತ್ತರಿ ಬಿತ್ತು. ಮಾಸ್ಟರಮ್ಮ ಉಸಿರು ಪೂರ್ತಿ ಹೊರಗೆ ಬಿಟ್ಟಳು, ಒಳಗೆ ಏನೂ ಉಳಿಯದ ಹಾಗೆ. ಮುಚ್ಚು ಎಂದಳು ಮನಸ್ಸಿನಲ್ಲಿ. ಅನ್ನಲೂ ಇಲ್ಲವೇನೋ, ಅನ್ನುವ ಮುಂಚೆ ಮುಚ್ಚಿತ್ತು. ತೆರೆದುಕೊಂಡಿತು. ನೋಡುತ್ತಿದ್ದೇನೆ, ಈಗ ತಪ್ಪುತ್ತದೆ ಎಂದುಕೊಂಡಳು, ಕಣ್ಣು ನೆಟ್ಟು ನೋಡಿದಳು, ತಪ್ಪಲಿಲ್ಲ. ಉಸಿರೆಳೆದಳು, ಕೈ ತೆಪ್ಪಗಿತ್ತು. ಉಸಿರು ಅರ್ಧದಲ್ಲಿ ನಿಲ್ಲಿಸಿ ತೋರುಬೆರಳು ಹೆಬ್ಬೆರಳನ್ನು ಕೂಡಿಸಿದಳು, ಕೂಡಿದವು. ಬಂದಿತ್ತು. ಖಾಲಿ ಕೂತಿದ್ದ ಆ ಭಾಗ ಯಾವ ಗಳಿಗೆಯಲ್ಲೋ ಎದ್ದುಬಂದು ಬಾಗಿಲು ತಟ್ಟದೆ ಒಳಗೆ ಕೂತು ಕೆಲಸ ಶುರು ಮಾಡಿಬಿಟ್ಟಿತ್ತು. ಕಚಕ್, ಕಚಕ್. ಖುಷಿಗೆ ಅವಳ ಕಿವಿ ಗುಂಯ್ಗುಟ್ಟಿತು. ಎದ್ದು ಯಾರನ್ನಾದರೂ ತಬ್ಬಿಕೊಳ್ಳಬೇಕು, ಗಂಡನಿಗೆ ಫೋನು ಮಾಡಿ ಬೈಯಬೇಕು ಎನಿಸಿತು. ಕತ್ತರಿ ಸೊಂಟದ ಹತ್ತಿರ ಬಂದಿತ್ತು.

ಆಗ ಇನ್ನೊಂದು ಮಾತು ಹೊಳೆಯಿತು. ಗೆರೆ ಇಲ್ಲಿಯವರೆಗೆ ಸರಿ. ತಪ್ಪು ಇರುವುದು ತಿರುವಿನಲ್ಲಿ. ಅಲ್ಲಿಗೆ ಇನ್ನೂ ಒಂದು ಮೊಳ ದೂರ. ಅವಳು ಏನೂ ಮಾಡಬೇಕಾಗಿಲ್ಲ. ನಾದಿನಿ ತನ್ನನ್ನು ಕೇಳಲಿಲ್ಲ, ಕೈಯನ್ನು ಕೇಳಿದಳು. ಕೈ ಸುಮ್ಮನಿತ್ತು, ಅದಕ್ಕೆ ತಾನೇನು ಮಾಡಲಿ? ನಾಳೆ ಯಜಮಾನರ ಮುಂದೆ ಒಂದು ಮಾತು ಆಡಬೇಕಾಗಿಲ್ಲ, ಯಾರೂ ಬೆರಳು ತೋರಿಸುವಂತಿಲ್ಲ. ಬಟ್ಟೆ ಕೆಡುತ್ತದೆ, ಹುಡುಗಿ ಕಾಜಕ್ಕೆ ಹೋಗುತ್ತಾಳೆ, ಎರಡು ದಿನ ಬಿಟ್ಟು ಮಾಸ್ಟರಮ್ಮ ಎದ್ದು ಬಂದು ಬಣ್ಣ ಹೋದ ಜಾಗಕ್ಕೆ ಸೊಂಟ ಕೊಟ್ಟು ನಿಂತು, ನೋಡಿ ಸಾರ್, ಕೈ ಬಂತು ಅನ್ನುತ್ತಾಳೆ. ಎಷ್ಟು ಸಲೀಸು! ಕಚಕ್. ಕತ್ತರಿಯ ಹಿಂದೆ ಕಪ್ಪು ಉಣ್ಣೆ ಎರಡಾಗಿ ಮಗ್ಗುಲಾಗುತ್ತಿತ್ತು. ನಾದಿನಿಯ ಕುತ್ತಿಗೆಯಲ್ಲಿ ಬೆವರಿತ್ತು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದಿದ್ದಳು. ಕೆಡಲಿ, ಕೆಡಲಿ ಎನ್ನುತ್ತಿತ್ತು ಮನಸ್ಸು. ಎಷ್ಟು ತಿಂಗಳ ಮೇಲೆ ಅವಳ ಮನಸ್ಸು ಹೀಗೆ ಯಾರ ಕಣ್ಣಿಗೂ ಬೀಳದೆ ಒಂದು ಮಾತು ಆಡುತ್ತಿತ್ತು! ಅಸ್ತರು ವಾಪಸು ಬಂದಿತ್ತು. ಅದರೊಳಗೆ ಮೊದಲು ಬೆಚ್ಚಗೆ ಕೂತದ್ದು ಇದು, ಒಂದು ಹುಡುಗಿ ಹಾಳಾಗಲಿ ಎಂಬುದು. ಕತ್ತರಿ ತಿರುವಿನ ಬಾಯಿಗೆ ಬಂತು. ನಾದಿನಿ ಉಸಿರೆಳೆದು ಕಟ್ಟಿದಳು.

"ನಿಲ್ಲಿಸೇ!"

ಮೂಲೆಯಲ್ಲಿ ಬಟ್ಟೆ ತೀಡುತ್ತಿದ್ದ ಇಸ್ತ್ರಿಯವನು ಬೆಚ್ಚಿ ತಿರುಗಿದ. ನಾದಿನಿಯ ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತ್ತು. ಮಾಸ್ಟರಮ್ಮನಿಗೆ ತನ್ನ ಗಂಟಲು ಇಷ್ಟು ದೊಡ್ಡದಿದೆ ಎಂದು ಗೊತ್ತಿರಲಿಲ್ಲ.

"ಗೆರೆ ಕೆಳಗಿದೆ. ಎರಡು ಬೆರಳು ಮೇಲೆ ಹೋಗಿ ತಿರುಗಬೇಕು."

ನಾದಿನಿ ಗೆರೆ ನೋಡಲಿಲ್ಲ, ಕೈ ನೋಡಿದಳು. "ಸುಮ್ಮನಿತ್ತಲ್ಲ ಅತ್ತಿಗೆ? ಅದನ್ನ ನೋಡೇ ನಾನು ಕತ್ತರಿ ಹಾಕಿದ್ದು."

"ಅದು ಇನ್ಮೇಲೆ ಹೇಳಲ್ಲ ಕಣೇ." ಮಾಸ್ಟರಮ್ಮ ದೊಡ್ಡದಾಗಿ ಉಸಿರೆಳೆದಳು. ಕೈ ಮಲಗಿತ್ತು. ಉಸಿರು ಬಿಟ್ಟಳು. ಕೈ ಎದ್ದು, ಮೇಜಿನ ಮೇಲಿದ್ದ ಚಾಕಿನ ಚೂರನ್ನು ಹಿಡಿದು, ಒಂದು ಗೇಣು ಸರಿಸಿ, ಬಿಟ್ಟಿತು.

"ಬಂತಾ?" ನಾದಿನಿ ಕತ್ತರಿ ಕೆಳಗಿಟ್ಟು ಮೇಜು ಸುತ್ತಿ ಓಡಿಬಂದು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅತ್ತಿಗೆ! ಬಂತಾ ಕೈ? ಅಣ್ಣನಿಗೆ ಹೇಳಿದ್ರಾ? ಯಾವಾಗ ಬಂತು?" ಅವಳ ಕಣ್ಣು ತುಂಬಿದ್ದವು, ಅದರಲ್ಲಿ ನಾಟಕ ಇರಲಿಲ್ಲ. ಮಾಸ್ಟರಮ್ಮನಿಗೆ ನೆಲ ಬಾಯಿಬಿಟ್ಟರೆ ಸಾಕಿತ್ತು.

"ಈಗಲೇ. ನೀನು ಚಾಕ್ ತಿರುಗಿಸಿದೆಯಲ್ಲ, ಆಗ."

"ಗೆರೆ ತಪ್ಪಿದ್ದು?"

"ಅದೂ ಆಗಲೇ ಕಾಣಿಸ್ತು."

ನಾದಿನಿಯ ಕಣ್ಣು ನಿಧಾನಕ್ಕೆ ಮೇಜಿನ ಕಡೆ ಹೋಯಿತು. ಕೆಳಗಿನ ಅಂಚಿನಿಂದ ಕಂಕುಳವರೆಗೆ, ಕತ್ತರಿಸಿದ ದಾರಿಯನ್ನೆಲ್ಲ ಅಳೆದುಕೊಂಡು ಬಂತು. ಅವಳ ಹಿಡಿತ ಸಡಿಲವಾಯಿತು. ಕೈ ಬಂದ ಸಂಭ್ರಮದಲ್ಲಿ ಮೈಮರೆತೆ ಕಣೇ ಎಂದಿದ್ದರೆ ಮುಗಿಯುತ್ತಿತ್ತು. ಅರ್ಧ ನಿಜವೂ ಹೌದು. ಸುಳ್ಳನ್ನು ಹಿಡಿದುಕೊಡುವವರು ಈಗ ಯಾರೂ ಇರಲಿಲ್ಲ. ಮಾಸ್ಟರಮ್ಮನ ಬಾಯಿಗೆ ಆ ಮಾತು ಬಂದು ಕೂತೂ ಆಗಿತ್ತು.

"ಕೆಡಲಿ ಅಂತ ಸುಮ್ಮನಿದ್ದೆ" ಎಂದಳು. "ನನಗೆ ಮೇಜು ಬೇಕು. ನಿನಗೆ ಬಿಟ್ಟುಕೊಡೋಕೆ ಮನಸ್ಸಿಲ್ಲ. ಅದಕ್ಕೆ."

ನಾದಿನಿ ಅಳಲಿಲ್ಲ. ಮೂಗು ಒರೆಸಿಕೊಂಡು ಮೇಜಿನ ಆ ಕಡೆಗೆ ಹೋದಳು, ಕತ್ತರಿ ಎತ್ತಿ, ಹಿಡಿಕೆಯನ್ನು ಅತ್ತಿಗೆಯ ಕಡೆ ಮಾಡಿ ಚಾಚಿದಳು. "ಮನಸ್ಸಿಲ್ಲ ಅಂತ ನನಗೆ ಗೊತ್ತಿಲ್ವಾ? ಇಷ್ಟು ದಿನ ದಿನಾ ನೋಡಿದ್ದೀನಿ" ಎಂದಳು. "ನನಗೂ ಬೇಕು ಮೇಜು. ಸುಳ್ಳು ಯಾಕೆ? ಆದರೆ ಈ ಕೋಟು ನನ್ನಿಂದ ಆಗಲ್ಲ. ತಗೊಳ್ಳಿ."

ಮಾಸ್ಟರಮ್ಮ ಎದ್ದು ಬಣ್ಣ ಹೋದ ಜಾಗಕ್ಕೆ ಬಂದು ನಿಂತಳು, ನಾದಿನಿ ಎದುರು ಬದಿಗೆ ಸರಿದಳು. ಗೆರೆ ಒರೆಸಿ ಹೊಸದು ಎಳೆದಳು. ಎಡಗೈಯನ್ನು ಬಲಗೈಯಿಂದ ಎತ್ತಿಡಲು ಹೋಗಿ, ನಿಲ್ಲಿಸಿದಳು. ಅದು ತಾನಾಗಿ ಅಂಚು ಹಿಡಿದು ಜರುಗಿ ಬಟ್ಟೆಯ ಮೇಲೆ ಬಂದು ಕೂತಿತು. ಮೊದಲಿನ ಕೈಯಲ್ಲ ಅದು, ಮಂದ, ಗಡುಸು, ನೂಲಿನ ಓಟ ಇನ್ನೂ ಅದಕ್ಕೆ ಕೇಳಿಸುತ್ತಿರಲಿಲ್ಲ. ಕಲಿಯುತ್ತದೆ, ಇಷ್ಟು ಕಲಿತದ್ದು ಅಷ್ಟು ಕಲಿಯುವುದಿಲ್ಲವೇ ಎಂದುಕೊಂಡಳು. ಕತ್ತರಿ ತಿರುವಿಗೆ ಬಂತು. ಹಳೆಯ ಅಭ್ಯಾಸ, ಉಸಿರು ತುಂಬಿ ಕಟ್ಟಿಕೊಂಡಿತು. ಕೈ ಬಟ್ಟೆಯನ್ನು ಮುದುರಲಿಲ್ಲ. ಒತ್ತಿತು, ಸಡಿಲಿಸಿತು, ಒಂಚೂರು ತಿರುಗಿಸಿ ಕೊಟ್ಟಿತು.

"ಇಲ್ಲಿ ಯಾಕೆ ಗೆರೆ ಬಿಟ್ಟು ಒಳಗೆ ಹೋದ್ರಿ?" ಎಂದಳು ನಾದಿನಿ ಎದುರಿನಿಂದ ಬಗ್ಗಿ. "ನನಗೆ ಇದನ್ನ ನೀವು ಹೇಳೇ ಕೊಟ್ಟಿಲ್ಲ."

ಹೇಳಿಕೊಟ್ಟಿರಲಿಲ್ಲ, ನಿಜ. ಎಲ್ಲ ಹೇಳಿಕೊಟ್ಟು ಇದೊಂದನ್ನು ಇಟ್ಟುಕೊಂಡಿದ್ದಳು. ಇದನ್ನೂ ಕೊಟ್ಟರೆ ಮುಂದಿನ ಕೋಟಿಗೆ ಹುಡುಗಿಗೆ ಯಾರ ಮುಖವನ್ನೂ, ಯಾರ ಕೈಯನ್ನೂ ನೋಡುವ ಅಗತ್ಯ ಬೀಳುವುದಿಲ್ಲ, ಮೇಜಿಗೆ ಇಬ್ಬರು ಸರಿಸಮ. ಮಾಸ್ಟರಮ್ಮ ಕತ್ತರಿ ನಿಲ್ಲಿಸಿದಳು. ಎಡಗೈ ಬಟ್ಟೆಯ ಮೇಲೆ ಏನನ್ನೂ ಹೇಳದೆ ಕೂತಿತ್ತು.

"ಬಾ ಈ ಕಡೆ" ಎಂದಳು. "ಅಲ್ಲಿಂದ ಕಾಣಲ್ಲ."